ಮೊಳೆ ಹಿಡಿಯದ ಪುಟ್ಟಿ

ನಮ್ಮ ಮನೆಯವರಿಗೆ, ಅಂದರೆ ನಿಮಗೇ ಕಣ್ರೀ,

ಮದುವೆಯಾದ ಹೊಸದರಲ್ಲಿ ನೀವು ನಡುಮನೆಯಲ್ಲಿ ಸ್ಟೂಲು ಹತ್ತಿ ನಿಂತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಮೊಳಕಾಲ್ಮೂರಿನಿಂದ ನಮ್ಮಪ್ಪ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಮರದ ಗಡಿಯಾರಕ್ಕೆ ಮೊಳೆ ಹೊಡೆಯಬೇಕಿತ್ತು. ಎಣ್ಣೆ ಮಿಲ್ಲಿನಲ್ಲಿ ಅಷ್ಟು ದೊಡ್ಡ ಮಿಷನ್ ನಡೆಸುವವರಿಗೆ ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರುತ್ತಿರಲಿಲ್ಲವಲ್ಲ! ಒಳಗೆ ಮಣ್ಣಿನ ಗೋಡೆ, ಮೇಲೆ ತೆಳ್ಳಗೆ ಗಾರೆ. ಹೊಡೆದಷ್ಟೂ ಉದುರಿತು. ತೂತಿಗೆ ಹಲ್ಲುಜ್ಜುವ ಪೇಸ್ಟ್ ಮೆತ್ತಿದಿರಿ, ಬಿರುಕು ಬಿಟ್ಟಿತು. ಸಿಮೆಂಟು ಮೆತ್ತಿದಿರಿ, ಅದು ಸುತ್ತಲಿನ ಮಣ್ಣನ್ನೂ ಕಿತ್ತುಕೊಂಡು ಧೊಪ್ಪನೆ ಬಿತ್ತು. "ಭಾನುವಾರ ಸರಿ ಮಾಡ್ತೀನಿ ಬಿಡೇ" ಅಂದಿರಿ. ನಾಳೆ ಅಂದವನ ಮನೆ ಹಾಳು ಅಂತ ನಾನು ರೇಗಿಸುತ್ತಿದ್ದೆ. ಗಡಿಯಾರ ಈಗಲೂ ಬೀರುವಿನ ಮೇಲೆ ಗೋಡೆಗೆ ಒರಗಿಕೊಂಡೇ ಓಡುತ್ತಿದೆ.

ನೀವು ಹೋದ ಮೇಲೆ, ನಿಮ್ಮ ಕಾರ್ಯದ ದಿನ, ನಿಮ್ಮ ತಮ್ಮ ನಿಮ್ಮ ಫೋಟೋಗೆ ಕಟ್ಟು ಹಾಕಿಸಿ ತಂದ. ಮಾವನ ಫೋಟೋ ಮನೆ ಕಟ್ಟುವಾಗಲೇ ಗೋಡೆಯಲ್ಲಿಟ್ಟ ಮರದ ಗೂಟದಲ್ಲಿದೆ. ಮಗನಿಗೂ ಇರಲಿ ಅಂತ ಇನ್ನೊಂದು ಗೂಟ ಯಾರಾದರೂ ಇಡುತ್ತಾರಾ? ಅದರ ಪಕ್ಕ ಇದ್ದದ್ದು ನಿಮ್ಮ ಆ ಹಾಳು ತೂತು. ಅವನು ಅದರಲ್ಲೇ ಮೊಳೆ ಹೊಡೆದು ಫೋಟೋ ಹಾಕಿದ. ಹಾರ ಹಾಕುವಷ್ಟರಲ್ಲಿ ಮಣ್ಣು ಕುಸಿದು ಫೋಟೋ ಬಿತ್ತು, ಗಾಜು ಒಡೆಯಿತು. ಅತ್ತೆ ಅಳಲಿಲ್ಲ. "ನೋಡ್ರಿ, ಅವನಿಗೇ ಒಪ್ಪಿಗೆ ಇಲ್ಲ. ಮಿಲ್ಲಿಗೆ ಹೋಗ್ಯಾನೆ, ಬರ್ತಾನೆ. ಬದುಕಿರೋ ಮಗನ್ನ ಯಾಕ್ ಗೋಡೆಗೆ ಹಾಕ್ತೀರಿ?" ಅಂದರು. ನಿಮ್ಮ ಹೆಣದ ತಲೆ ಸವರಿದ ತಾಯಿ ಕಣ್ರೀ ಅವರು. ಅವತ್ತಿನಿಂದ ದಿನಾ ಎರಡು ತಟ್ಟೆ ಜಾಸ್ತಿ ಇಡುತ್ತಾರೆ, ಒಂದು ನಿಮಗೆ, ಒಂದು ನೀವು ಕರೆದುಕೊಂಡು ಬರುವ ಯಾರಿಗೋ. ಫೋಟೋ ಗೋಡೆ ಮೇಲೆ ಬಂದರೆ ಒಂದಲ್ಲ ಒಂದು ದಿನ ಒಪ್ಪಿಕೊಂಡಾರು ಅಂತ ನನಗೆ ಆಸೆ ಇತ್ತು.

ಮೊನ್ನೆ ಸಂತೆಗೆ ಹೋದವಳು ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತೆ. ಅಂಗಡಿಯ ಸಾಬರು ಗೋಡೆಯ ತೂತು ಮುಚ್ಚುವ ಪುಟ್ಟಿಯ ಒಂದು ಸಣ್ಣ ಡಬ್ಬಿ ಕೈಗಿಟ್ಟರು. ಒಳಗೇನೂ ಇಲ್ಲವೇನೋ ಅನ್ನುವಷ್ಟು ಹಗುರ.

"ಸಣ್ಣ ತೂತಿಗೆ ಇದೇ ಸರಿ ಅಕ್ಕಾ. ಭಾರ ಇಲ್ಲ, ಮಣ್ಣನ್ನ ಎಳ್ಕೊಂಡು ಬೀಳಲ್ಲ. ಒಣಗಿದ್ರೆ ಕುಗ್ಗಲ್ಲ. ಉಪ್ಪು ಕಾಗದ ತಿಕ್ಕಿದ್ರೆ ಗೋಡೆ ಸಾಫ್. ಆದ್ರೆ ಇದ್ರಲ್ಲಿ ಮೊಳೆ ನಿಲ್ಲಲ್ಲ. ಏನಾದ್ರೂ ನೇತು ಹಾಕೋದಿದ್ರೆ ಗಾರೆಯವರನ್ನ ಕರ್ಸಿ, ತೂತು ಕೆತ್ತಿಸಿ, ಮರದ ಗೂಟ ಕೂರಿಸ್ಬೇಕು. ಏನ್ ಹಾಕ್ತೀರಿ ಅಲ್ಲಿ?"

ಏನು ಹೇಳಲಿ? ನಮ್ಮ ಯಜಮಾನರನ್ನ ಅನ್ನಲಾ? ಬಾಯಿಗೆ ಬಂದದ್ದು ಒಂದೇ ಮಾತು. "ಏನೂ ಇಲ್ಲ, ಇದೇ ಕೊಡ್ರಿ" ಅಂದೆ.

ಸಡಿಲ ಮಣ್ಣನ್ನು ಕೆರೆದು, ಧೂಳು ಒರೆಸಿ, ಹಳೆ ಚಾಕುವಿನಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿದೆ. ಒಮ್ಮೆಗೇ ತುಂಬಬಾರದಂತೆ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಬೆಣ್ಣೆ ಸವರಿದ ಹಾಗೆ ಕೂತಿತು. ನೀವಿದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದಿರೋ... ತಿಕ್ಕುವಾಗ ಗೊತ್ತಾಯಿತು ನನಗೆ. ಗೂಟ ಬೇಡ ಅಂದದ್ದು ಅತ್ತೆಗಾಗಿ ಅಲ್ಲ. ಹಾರ ಹಾಕಿಕೊಂಡ ನಿಮ್ಮನ್ನು ನೋಡುತ್ತಾ ಅನ್ನ ಬಸಿಯೋದು ನನ್ನಿಂದಲೂ ಆಗುತ್ತಿರಲಿಲ್ಲ.

ಸಂಜೆ ಅತ್ತೆ ಬಂದು ಗೋಡೆ ಮೇಲೆ ಅಂಗೈ ಆಡಿಸಿದರು. ತೂತು ಸಿಗಲಿಲ್ಲ. ಗಾಬರಿಯಾದರು. "ಮುಚ್ಚಿಬಿಟ್ಟೇನೇ? ಭಾನುವಾರ ಅವನು ಗಡಿಯಾರಕ್ಕೆ ಮೊಳೆ ಎಲ್ಲಿ ಹೊಡೀತಾನೆ?"

ಇಷ್ಟು ದಿನ "ಅವರು ಬರಲ್ಲ ಅತ್ತೆ" ಅಂತ ಕೈ ಹಿಡಿದು ಹೇಳುತ್ತಿದ್ದವಳು ನಾನೊಬ್ಬಳೇ. ಅವತ್ತು ಏನಂದೆ ಗೊತ್ತಾ?

"ಪಕ್ಕದಾಗೆ ಜಾಗ ಐತಲ್ಲ ಅತ್ತೆ, ಅಲ್ಲಿ ಹೊಡೀತಾರೆ" ಅಂದೆ.

ಸಮಾಧಾನವಾಗಿ ಹೋಗಿ ತಟ್ಟೆ ಇಟ್ಟರು. ಫೋಟೋ ಬೀರುವಿನಲ್ಲಿ ನಿಮ್ಮ ಅಂಗಿಗಳ ಕೆಳಗಿದೆ, ಗಾಜು ಹಾಕಿಸಿಲ್ಲ. ನಿಮಗೆ ತಿಳಿಸಬೇಕಾದ ಸುದ್ದಿ ಇಷ್ಟೇ ಕಣ್ರೀ: ನೀವು ಸತ್ತಿದ್ದೀರಿ ಅಂತ ಹೇಳುವವರು ಈ ಮನೆಯಲ್ಲಿ ಇನ್ನು ಯಾರೂ ಇಲ್ಲ.