ಅರವತ್ತು ಮೀಟರಿಗೆ ಹನ್ನೆರಡು ಮಿಲಿಮೀಟರು

ಮಾರ್ಚ್ ೧೪, ಶನಿವಾರ

ಪ್ರೀತಿಯ ಕೆಂಪು ಪೆನ್ಸಿಲಿಗೆ,

ಆಫೀಸಿನವರೆಲ್ಲ ಇಟ್ಟಿದ್ದ ಹೆಸರಿನಿಂದಲೇ ಕರೆದಿದ್ದೇನೆ, ಮುಖ ಊದಿಸಿಕೊಳ್ಳಬೇಡ. ಚೆನ್ನಾಗಿದ್ದೀಯಾ? ಕೆಲಸ ಬಿಟ್ಟು ಹೋದ ಮೇಲೆ ನೀನು ಬರೆದ ಎರಡು ಪತ್ರಕ್ಕೂ ನಾನು ಉತ್ತರಿಸಲಿಲ್ಲ. ಎರಡು ವರ್ಷ ತಡ. ಕೆಲಸ ಜಾಸ್ತಿ ಎಂದು ಸಬೂಬು ಹೇಳಿದರೆ ನಂಬುವವಳಲ್ಲ ನೀನು. ಬೈಯುವುದನ್ನೆಲ್ಲ ಬೈದುಬಿಡು, ಆಮೇಲೆ ಓದು.

ನನ್ನ ಮಂಡಿ ನೋವು ಹಾಗೇ ಇದೆ. ನಿನ್ನ ಕುರ್ಚಿಯ ಮೇಲೆ ಪ್ರಿಂಟರಿನ ಕಾಗದದ ಕಟ್ಟು ಪೇರಿಸಿದ್ದಾರೆ. ಹೊಸಬರೆಲ್ಲ ಕಿವಿಗೆ ಏನೋ ಸಿಕ್ಕಿಸಿಕೊಂಡು ಕೂರುತ್ತಾರೆ. ನಾನು ಸೀನಿದರೂ ಒಬ್ಬರೂ ತಿರುಗಿ ನೋಡುವುದಿಲ್ಲ. ಊಟದ ಡಬ್ಬಿ ಬಿಚ್ಚಿದಾಗ ಈಗಲೂ ಕೈ ತಾನಾಗಿ ಅದನ್ನು ನಿನ್ನ ಕಡೆ ಸರಿಸುತ್ತದೆ. ನಾಚಿಕೆಯಾಗಿ ಎಳೆದುಕೊಳ್ಳುತ್ತೇನೆ. ಒಬ್ಬಳೇ ಉಣ್ಣುವುದು ಬಲು ಬೇಜಾರು ಕಣೇ.

ಈ ತಿಂಗಳು ಒಂದು ಗೋದಾಮಿನ ಕೆಲಸ ಬಂತು, ಅರವತ್ತು ಮೀಟರ್ ಉದ್ದದ ಸ್ಲ್ಯಾಬ್. ಸಾಫ್ಟ್‌ವೇರಿನಲ್ಲಿ ಮಾಡೆಲ್ ಕಟ್ಟಿ, ಸ್ಲ್ಯಾಬಿಗೆ ಇಪ್ಪತ್ತು ಡಿಗ್ರಿ ಬಿಸಿ ಕೊಟ್ಟೆ. ತುದಿಯ ಕಂಬಗಳ ಮೇಲೆ ಬಿದ್ದ ಬಲ ಎಷ್ಟು ಗೊತ್ತಾ? ಸೊನ್ನೆ! ಒಬ್ಬಳ ಮಾಡೆಲನ್ನು ಇನ್ನೊಬ್ಬಳು ಕೈಲೆಕ್ಕ ಮಾಡದೆ ಒಪ್ಪುವಂತಿಲ್ಲ ಎಂಬುದು ನಮ್ಮಿಬ್ಬರ ಕಟ್ಟುಪಾಡಾಗಿತ್ತಲ್ಲ. ನೀನಿದ್ದಿದ್ದರೆ, "ಅಲ್ಲಕ್ಕಾ, ಕಂಪ್ಯೂಟರ್ ಸೊನ್ನೆ ಅಂದ್ರೆ ನೀವೂ ಸೊನ್ನೆ ಅಂತೀರಾ? ಸ್ಲ್ಯಾಬಿಗೆ ಬಿಸಿಲು ತಾಗಲ್ವಾ?" ಎಂದು ರೇಗಿಸುತ್ತಿದ್ದೆ. ನಿನ್ನ ಹಾಗೇ ಹಳೆಯ ನಕ್ಷೆಯ ಹಿಂಬದಿಯಲ್ಲಿ ಗೀಚಿ ನೋಡಿದೆ. ಹನ್ನೆರಡು ಮಿಲಿಮೀಟರು ಹಿಗ್ಗಲೇಬೇಕು. ಹುಡುಕಿದರೆ, ಸ್ಲ್ಯಾಬ್ ರಿಜಿಡ್ ಎಂಬ ಕಡೆ ಟಿಕ್ ಹಾಕಿಬಿಟ್ಟಿದ್ದೆ. ಆ ಟಿಕ್ ಇದ್ದರೆ ಸ್ಲ್ಯಾಬ್ ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ ಎಂದು ಸಾಫ್ಟ್‌ವೇರ್ ನಂಬಿಬಿಡುತ್ತದೆ. ಎಷ್ಟು ಬಿಸಿ ಕೊಟ್ಟರೂ ಕಂಬಗಳನ್ನು ತಳ್ಳುವುದೇ ಇಲ್ಲ.

ನಾವಿಬ್ಬರೂ ಲೆಕ್ಕ ಹಾಕಿದ್ದ ಗ್ರಂಥಾಲಯದ ಕಟ್ಟಡದ ಫೈಲು ತೆರೆದೆ. ಮೊದಲ ಬೇಸಿಗೆಗೇ ತುದಿಯ ಕಂಬಗಳು ಬಿರುಕು ಬಿಟ್ಟು, ಮಕ್ಕಳ ಓದುವ ಕೋಣೆಗೆ ಬೀಗ ಬಿತ್ತಲ್ಲ, ಅದೇ. ಮಾಡೆಲ್ ನನ್ನದು, ತಪಾಸಣೆಯ ಸಹಿ ನಿನ್ನದು. "ನಾನು ನೋಡಿದಾಗ ಸರಿಯಾಗಿತ್ತು ಸಾರ್" ಎಂದು ಸಭೆಯಲ್ಲಿ ನೀನು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ತಪ್ಪನ್ನು ನಿನ್ನ ತಲೆಗೇ ಕಟ್ಟಿ ಕೆಲಸ ಬಿಡಿಸಿದರು. ನೀನು ಹೇಳಿದ್ದೇ ನಿಜ. ನೀನು ಸಹಿ ಹಾಕಿದ ಮೂರನೇ ದಿನ, ಗಾಳಿಯ ಒತ್ತಡದ ಲೆಕ್ಕ ಬೇಗ ಮುಗಿಯಲಿ ಎಂದು ನಾನೇ ಆ ಟಿಕ್ ಹಾಕಿದ್ದೆ. ತೆಗೆಯಲು ಮರೆತೆ. ಕಂಬಗಳಿಗೆ ಎಷ್ಟು ಕಂಬಿ ಬೇಕು ಎಂದು ಅದೇ ಫೈಲು ನೋಡಿ ತೀರ್ಮಾನಿಸಿದೆವು.

ದೊಡ್ಡ ಸಾಹೇಬರಿಗೆ ತೋರಿಸಿದೆ. ಪರದೆಯಲ್ಲಿ ಟಿಕ್ ಹಾಕಿದ ತಾರೀಖು ನೋಡಿದರು. "ಛೆ, ಆ ಹುಡುಗೀದು ಏನೂ ತಪ್ಪಿರ್ಲಿಲ್ಲ. ವಾಪಸ್ ಬರ್ತಾಳಾ ಕೇಳಮ್ಮ. ಈಗ ನಿನ್ನ ಕಣ್ಣಿಗೆ ಬಿತ್ತಲ್ಲ, ಅಷ್ಟೇ ಪುಣ್ಯ" ಎಂದರು. ನಾನು ತಲೆಯಾಡಿಸಿದೆ. ಬಾರೇ. ಆ ಕಾಗದದ ಕಟ್ಟನ್ನೆಲ್ಲ ನಾನೇ ಎತ್ತಿಡುತ್ತೇನೆ, ಮಂಡಿ ಹಾಳಾಗಿ ಹೋಗಲಿ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಅವಳೂ ನಿನ್ನ ಹಾಗೆ ಯಾರು ಏನೆಂದರೂ ಲೆಕ್ಕ ಮಾಡಿ ನೋಡುವ ಹಟಮಾರಿಯಾಗಲಿ. ತಾಯಿ ಮಗಳು ನೂರು ಕಾಲ ನಗುನಗುತ್ತಾ ಬಾಳಿ.

ನಿನ್ನ
ಪಕ್ಕದ ಮೇಜಿನ ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಹರಿದೆ. ಗೋದಾಮಿನ ವಿಷಯ ನಿಜ. ಗ್ರಂಥಾಲಯದ ಫೈಲು ಈ ತಿಂಗಳು ತೆರೆದೆ ಎಂದದ್ದು ಸುಳ್ಳು. ಸಾಹೇಬರಿಗೂ ಅದೇ ಸುಳ್ಳು ಹೇಳಿದ್ದೇನೆ. ಬಿರುಕಿನ ಸುದ್ದಿ ಬಂದ ಬೆಳಿಗ್ಗೆಯೇ ತೆರೆದಿದ್ದೆ. ಟಿಕ್ಕನ್ನೂ ತಾರೀಖನ್ನೂ ನೋಡಿಕೊಂಡೇ ಆ ಸಭೆಗೆ ಬಂದು ನಿನ್ನ ಪಕ್ಕ ಕೂತೆ. ಸೋಮವಾರ ಸಾಹೇಬರಿಗೆ ಇದನ್ನೂ ಹೇಳುತ್ತೇನೆ. ಈ ಸಲ ಖಾಲಿಯಾಗುವುದು ನನ್ನ ಕುರ್ಚಿ ಇರಬಹುದು. ಬರುವುದೋ ಬಿಡುವುದೋ, ಇದನ್ನು ಓದಿದ ಮೇಲೆ ತೀರ್ಮಾನಿಸು. ಅವತ್ತು ಎಲ್ಲರೆದುರು ನೀನು ನನ್ನ ಕಡೆ ತಿರುಗಿ, "ಅಕ್ಕಾ, ನೀವಾದ್ರೂ ಹೇಳಿ" ಅಂದೆ. ನಾನು ಕನ್ನಡಕ ಒರೆಸುತ್ತಾ ಕೂತೆ.