ಎರಡೂ ನವಿಲು ಒಂದೇ ಕಡೆ ನೋಡಿದ್ದು

ದೊಡ್ಡಬಳ್ಳಾಪುರ
ನವೆಂಬರ್ 1998

ಪ್ರೀತಿಯ ರೆಹಾನ್,

ಈ ಕತೆಯನ್ನು ಮೊದಲು ಹೇಳಿದವರು ಮಗ್ಗದ ಬೈಲಪ್ಪನವರು, ನಿನ್ನೆ ಸಂಜೆ, ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ. ಕೇಳಿದವರು ನಾನು, ನಮ್ಮ ಜೊತೆ ಪಾಠ ಹೇಳುವ ಅಂಜನ್, ಭಾನುಪ್ರಿಯಾ. ನೀನೂ ಇರಬೇಕಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಬೈಲಪ್ಪನವರು ಸೀರೆ ಬಟ್ಟೆಯೊಂದನ್ನು ಕೀಬೋರ್ಡಿನ ಮೇಲೆ ಹರಡಿ ಕೂತರು. "ಒಂದೂರಲ್ಲಿ ಎರಡು ನವಿಲಿದ್ವು ಕಣ್ರಪ್ಪಾ. ಒಂದು ಸೀರೆ ಎಡ ಅಂಚಲ್ಲಿ, ಒಂದು ಬಲ ಅಂಚಲ್ಲಿ. ಮುಖ ಮುಖ ನೋಡ್ಕೊಂಡು ಸುಖವಾಗಿದ್ವು. ಒಂದಿನ ಕಂಪ್ಯೂಟರ್‌ನೋರು ಬಂದ್ರು. ಅವತ್ತಿಂದ ಬಲಗಡೇದು ಮುನಿಸ್ಕೊಂಡು ಅತ್ತ ತಿರುಗಿ ಕೂತ್ಬಿಡ್ತು."

ನಾವು ನಕ್ಕೆವು. ಅವರು ನಗಲಿಲ್ಲ. ನಮ್ಮ ಪ್ರೋಗ್ರಾಂ ಹೇಳಿದಂತೆ ತೂತು ಹೊಡೆದ, ಮಗ್ಗಕ್ಕೆ ಡಿಸೈನ್ ತಿಳಿಸುವ ಮುನ್ನೂರು ಜಕಾರ್ಡ್ ರಟ್ಟುಗಳು ವ್ಯರ್ಥವಾಗಿದ್ದವು. "ಇನ್ನೊಂದು ಸಲ ಹಿಂಗಾದ್ರೆ ಕೈಯಲ್ಲಿ ಡಿಸೈನ್ ಬರೆಯೋ ಗ್ರಾಫ್ ಹಾಳೆಗೇ ವಾಪಸ್ಸು ಹೋಗ್ತೀನಿ. ಬೇರೆ ಮಗ್ಗದೋರಿಗೂ ಹೇಳ್ತೀನಿ" ಎಂದರು.

ಆ ಪ್ರೋಗ್ರಾಂ ನೀನು ಬರೆದದ್ದು. ಸೀರೆಯ ಡಿಸೈನನ್ನು ರಟ್ಟಿನ ತೂತುಗಳಾಗಿ ಎಣಿಸಿಕೊಡುವುದು ಅದರ ಕೆಲಸ. ಯಾರು ಬೇಕಾದರೂ ಓದಲಿ, ತಿದ್ದಲಿ ಎಂದು ಸೋರ್ಸ್ ಕೋಡ್ ಸಮೇತ ಫ್ಲಾಪಿಯಲ್ಲಿ ಹಂಚಿದ್ದೂ ನೀನೇ. ನಿಮ್ಮೂರು ವಿಜಯಪುರದಿಂದ ಬರುವ ಬಸ್ಸಿನಲ್ಲಿ ನಿನ್ನ ಪ್ರಿಂಟ್‌ಔಟ್ ಬರುತ್ತಿತ್ತು. ನಾನು ಕೆಂಪು ಇಂಕಿನಲ್ಲಿ ತಪ್ಪು ಗುರುತಿಸಿ ವಾಪಸ್ಸು ಕಳಿಸುತ್ತಿದ್ದೆ. ತಪ್ಪು ಸಿಗದಿದ್ದಾಗ ಬರೆಯುವ ಶೈಲಿ ಹಿಡಿದು ಜಗಳ ತೆಗೆಯುತ್ತಿದ್ದೆ. ಸಾಲಿನ ಮುಂದೆ ಟ್ಯಾಬ್ ಇರಬೇಕೆಂದು ನಾನು, ನಾಲ್ಕು ಸ್ಪೇಸ್ ಇರಬೇಕೆಂದು ನೀನು, ಒಂದು ತಿಂಗಳು ವಾದಿಸಿದೆವು. ನೀನು ಇಂಗ್ಲಿಷ್ ಅಕ್ಷರದಲ್ಲೇ ಎಡಅಂಚು, ಬಲಅಂಚು, ಸೆರಗು ಎಂದು ಹೆಸರಿಟ್ಟಿದ್ದೆ. ನಾನು ಅವನ್ನು ಹೊಡೆದುಹಾಕಿ ಬಿ-ಒನ್, ಬಿ-ಟೂ ಮಾಡಿದೆ.

"ಮಗ್ಗದೋರಿಗೂ ಅರ್ಥ ಆಗ್ಬೇಕು ಕಣೋ" ಎಂದಿದ್ದೆ ನೀನು, ಇಲ್ಲಿಗೆ ಬಂದಿದ್ದ ಆ ಭಾನುವಾರ. "ಮಗ್ಗದೋರು ಬಂದು ಸೋರ್ಸ್ ಓದ್ತಾರಾ ಗುರು?" ಎಂದು ನಾನು ಎಲ್ಲರೆದುರು ನಕ್ಕೆ. ಮರುವಾರ ಬಂದ ಫ್ಲಾಪಿಯಲ್ಲಿ ನಿನ್ನ ಹೆಸರನ್ನು ನೀನೇ ಅಳಿಸಿದ್ದೆ. ಆಮೇಲೆ ಬಸ್ಸು ಬರುತ್ತಲೇ ಇತ್ತು, ನಿನ್ನ ಕವರು ಬರಲಿಲ್ಲ.

ತಪ್ಪು ಹುಡುಕಲು ನಿನ್ನೆ ನಾನು ತಿದ್ದಿದ ಕೋಡನ್ನು ಬೈಲಪ್ಪನವರಿಗೆ ಓದಿ ಹೇಳಿದೆ. "ಇದೇನಪ್ಪಾ, ದೆವ್ವ ಬಿಡಿಸೋ ಮಂತ್ರಾನಾ?" ಎಂದರು. ಭಾನುಪ್ರಿಯಾ ಎದ್ದು, ವಾಪಸ್ಸು ಹೋಗದೆ ಬೀರುವಿನಲ್ಲೇ ಉಳಿದಿದ್ದ ನಿನ್ನ ಹಳೆಯ ಪ್ರಿಂಟ್‌ಔಟ್ ತಂದು ಓದತೊಡಗಿದಳು. ಎಡ ಅಂಚನ್ನು ಮೊದಲ ಎಳೆಯಿಂದ ಎಣಿಸು. ಬಲ ಅಂಚನ್ನು ಕೊನೆಯ ಎಳೆಯಿಂದ ಹಿಂದಕ್ಕೆ ಎಣಿಸು.

ಬೈಲಪ್ಪನವರು ಕೈ ಎತ್ತಿದರು. "ನಿಲ್ಸಮ್ಮಾ. ಇಲ್ಲಿ ಸರಿಯಾಗೇ ಇದೆಯಲ್ಲ! ಇದನ್ನ ಕೆಡ್ಸಿದ್ದು ಯಾರು?"

ನಾನು, ರೆಹಾನ್. ಎರಡು ಭಾಗವೂ ನೋಡಲು ಒಂದೇ ಥರ ಇದ್ದರೆ ಅಚ್ಚುಕಟ್ಟೆಂದು, ಬಲ ಅಂಚನ್ನೂ ಮೊದಲ ಎಳೆಯಿಂದಲೇ ಎಣಿಸುವಂತೆ ತಿದ್ದಿದ್ದೆ. ಎಡಅಂಚು, ಬಲಅಂಚು ಎಂಬ ಹೆಸರೂ ಹೋಗಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಅವರೆದುರು ಒಪ್ಪಿಕೊಂಡೆ. ನಿನ್ನೆದುರು ಒಪ್ಪಿಕೊಳ್ಳುವುದು ಉಳಿದಿತ್ತು.

ಇವತ್ತು ಬೆಳಿಗ್ಗೆ ಸೆಂಟರಿನ ಬಾಗಿಲು ತೆರೆಯುವ ಮೊದಲೇ ಮೂವರೂ ಬಂದು ನಿಂತಿದ್ದೆವು. ಯಾರೂ ಯಾರಿಗೂ ಹೇಳಿರಲಿಲ್ಲ. ಅಂಜನ್ ನೀನಿಟ್ಟ ಹೆಸರುಗಳನ್ನು ಒಂದೊಂದಾಗಿ ವಾಪಸ್ಸು ಇಟ್ಟ. ಭಾನುಪ್ರಿಯಾ ಹೊಸ ರಟ್ಟು ಹೊಡೆಯಲು ಬೈಲಪ್ಪನವರ ಮನೆಗೆ ಹೋದಳು. ನಾನು ಫೈಲಿನ ಮೊದಲ ಸಾಲಿನಲ್ಲಿ ನಿನ್ನ ಹೆಸರು ಬರೆದು, ಪ್ರಿಂಟ್ ತೆಗೆದು, ಅದರೊಳಗೆ ನನ್ನ ಕೆಂಪು ಪೆನ್ನನ್ನು ಸುತ್ತಿಟ್ಟು, ಈ ಕಾಗದ ಬರೆಯಲು ಕೂತೆ. ಟ್ಯಾಬುಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಬೈಯಲು ನಿನಗೂ ಏನಾದರೂ ಬೇಕಲ್ಲ.

ನಿಮ್ಮಪ್ಪನವರ ರೇಷ್ಮೆ ನೂಲು ಹುರಿ ಮಾಡುವ ಮಿಷನ್ನು ನಿಲ್ಲದೆ ತಿರುಗಲಿ. ನಿನ್ನ ಹೊಟ್ಟೆ ತಣ್ಣಗಿರಲಿ.

ಬಸ್ಸು ಕಾಯುತ್ತಿರುವ,
ಕಾಂತರಾಜು