ಬದುಕಿರುವವರ ಚೀಟಿ

೧೯೫೭ ಜನವರಿ ೨೬, ಶನಿವಾರ. ಬೆಳಗಿನ ಪೂಜೆ ಮುಗಿದ ಮೇಲೆ

ಮಹಾಜನಗಳೇ, ಘನತೆವೆತ್ತ ಬ್ರಿಟಿಷ್ ಸಾರ್ಜೆಂಟರೇ, ಮುಂದೊಂದು ದಿನ ಈ ಪುಸ್ತಕ ಜಪ್ತಿ ಮಾಡಿ ಓದಲಿರುವ ಮಾನ್ಯ ದುಭಾಷಿಗಳೇ! ಸೈಪ್ರಸ್ಸಿನ ಈ ಬಡ ಬೆಟ್ಟದ ಮಠದ ಪರವಾಗಿ ಸನ್ಯಾಸಿ ಸೊಫ್ರೋನಿಯೋಸ್, ವಯಸ್ಸು ನಲವತ್ತಾರು, ತಮಗೆ ಸ್ವಾಗತ ಕೋರುತ್ತಾನೆ. ನಿನ್ನೆಯ ತಪಾಸಣೆಯ ವರದಿ:

ಚೀಸು ಸಿಕ್ಕಿತು, ಈರುಳ್ಳಿ ಸಿಕ್ಕಿತು, ಕೋಳಿಮೊಟ್ಟೆಯೂ ದಕ್ಕಿತು;
ಹುಡುಕಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಲಾರಿಯೊಳಗೆ ಹೊಕ್ಕಿತು.

ಹುಡುಕಿದ್ದು ಗುಡಿಯ ಪೀಠದ ಕಲ್ಲಿನಡಿ ಇದೆ. ಬ್ರಿಟಿಷರ ವಿರುದ್ಧ ಗುಡ್ಡದಲ್ಲಿ ಹೋರಾಡುವ ಹುಡುಗರ ಹನ್ನೆರಡು ಬಂದೂಕು. ಇದನ್ನು ಬರೆದದ್ದು ಸಿಕ್ಕರೆ ನೇಣು. ಬರೆಯದಿದ್ದರೆ ಹುಚ್ಚು.

ಇವತ್ತೂ ಊರಿನ ಎಲೆಂಗು ಬಂದಿದ್ದಳು. ಪೂಜೆಯ ರೊಟ್ಟಿ, ಪ್ರಾರ್ಥನೆಯಲ್ಲಿ ನಾನು ಓದಬೇಕಾದ ಹೆಸರುಗಳ ಎರಡು ಚೀಟಿ. ಒಂದು ಸತ್ತವರದು — ಅತ್ತೆ, ಮಾವ, ಮೈಲಿಬೇನೆಗೆ ಹೋದ ಕೂಸು. ಇನ್ನೊಂದು ಬದುಕಿರುವವರದು — ಗುಡ್ಡದ ಹುಡುಗರ ಜೊತೆ ಸೇರಿದ ಮಗ ತ್ರಿಫೋನ್, ಆಮೇಲೆ ಗಂಡ, ಆಮೇಲೆ ಕತ್ತೆ. (ಕತ್ತೆಯ ಹೆಸರು ಓದುವುದಿಲ್ಲ.)

"ತ್ರಿಫೋನ್" ಎಂದು ಗಟ್ಟಿಯಾಗಿ ಓದಿದೆ. ಆರೋಗ್ಯ, ಆಯಸ್ಸು ಬೇಡಿದೆ.

ತ್ರಿಫೋನ್ ಬಾದಾಮಿ ಮರದ ಕೆಳಗಿದ್ದಾನೆ. ಹನ್ನೆರಡನೇ ತಾರೀಖು ಗುಂಡೇಟು ತಿಂದು ನಮ್ಮ ಹೆಬ್ಬಾಗಿಲ ಹೊರಗೇ ಸತ್ತ. ಹೂತವರು ನಾನು, ಮಠಾಧಿಪತಿ ಇಯೆರೋಥಿಯೋಸ್. ಶಿಲುಬೆ ಇಲ್ಲ.

ಫೆಬ್ರವರಿ ೨

ಉಣ್ಣೆಯ ಕಾಲುಚೀಲ ತಂದಿದ್ದಳು.

"ಗುಡ್ಡದಲ್ಲಿ ಚಳಿ ಫಾದರ್, ಕಳಿಸ್ಕೊಡಿ. ಚೆನ್ನಾಗಿದಾನೆ ತಾನೆ?"

"ಹೆಸರು ಓದಿದೆನಲ್ಲಮ್ಮ."

"ನೀವು ಓದಿದ್ರೆ ಸರಿ. ಪೇಪರಿನೋರು ಸುಳ್ಳು ಹೇಳ್ತಾರೆ, ನೀವು ಹೇಳ್ತೀರಾ!"

ಅಳತೆ ನನ್ನ ಕಾಲಿಗೂ ಸರಿಹೋಗುತ್ತದೆ. ಹಾಕಿಕೊಳ್ಳಲಿಲ್ಲ.

ಫೆಬ್ರವರಿ ೨೨, ಶುಕ್ರವಾರ

ಎರಡು ವಾರ ಕರ್ಫ್ಯೂ. ಯಾರೂ ಬರಲಿಲ್ಲ. ನಾಳೆ ಆತ್ಮಗಳ ಶನಿವಾರ. ಊರೆಲ್ಲ ಗೋಧಿ ಬೇಯಿಸಿಕೊಂಡು ಬರುತ್ತದೆ, ಸತ್ತವರ ಪಾಲಿಗೆ. ತ್ರಿಫೋನನ ನಲವತ್ತನೇ ದಿನ ಮೊನ್ನೆಯೇ ಕಳೆಯಿತು. ಅವನ ಹೆಸರಿಗೆ ಒಂದು ಹಿಡಿ ಗೋಧಿಯಿಲ್ಲ.

ಮಠಾಧಿಪತಿಗಳ ಹತ್ತಿರ ಹೋದೆ. "ಗುರುಗಳೇ, ತಾಯಿಗಾದ್ರೂ ಹೇಳೋಣ."

"ಹೇಳಿದ್ರೆ ಕಪ್ಪು ಉಡ್ತಾಳೆ. ಕಪ್ಪು ಕಂಡ್ರೆ ಸಾರ್ಜೆಂಟು ಯಾರು ಸತ್ರು ಅಂತಾನೆ, ಆಮೇಲೆ ಎಲ್ಲಿ ಹೂತ್ರಿ ಅಂತಾನೆ. ಅಗೆಯೋಕೆ ಹಿಡಿದ್ರೆ ಬಾದಾಮಿ ಮರಕ್ಕೇ ನಿಲ್ತಾನೇನಯ್ಯಾ? ಪೀಠದಡಿಗೂ ಬರ್ತಾನೆ."

"ಅವನ ಆತ್ಮ?"

"ಸ್ವಾತಂತ್ರ್ಯ ಬರಲಿ. ಎಲ್ಲರಿಗೂ ಒಟ್ಟಿಗೇ ಬೇಯಿಸೋಣ."

"ಅಷ್ಟು ದೊಡ್ಡ ಹಂಡೆ ಎಲ್ಲಿದೆ, ಗುರುಗಳೇ?"

ಅವರು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

ಫೆಬ್ರವರಿ ೨೩. ಮಧ್ಯಾಹ್ನ

ಎಲೆಂಗುವಿನ ಸತ್ತವರ ಚೀಟಿ ಓದುತ್ತಿದ್ದೆ. ಅತ್ತೆ. ಮಾವ. ಕೂಸು. ತ್ರಿಫೋನ್.

ನಾಲಿಗೆ ತಾನಾಗಿ ಹೊರಳಿತು. ಗುಡಿಯಲ್ಲಿ ಯಾರೋ ಕೆಮ್ಮಿದರು, ಅಷ್ಟೆ. ಎಲ್ಲರೂ ಹೋಗುವವರೆಗೆ ಎಲೆಂಗು ಕಾದಳು.

"ಬಾಯ್ತಪ್ಪಿ ಬಂತಾ ಫಾದರ್?"

"ಹೌದಮ್ಮ."

"ಹಂಗಾದ್ರೆ ಬದುಕಿರೋರ ಚೀಟೀಲಿ ಇನ್ನೊಂದ್ಸಲ ಓದಿ. ನನ್ನೆದುರಿಗೇ."

ಚೀಟಿ ಹಿಡಿದೆ. ಬಾಯಿ ತೆರೆದೆ... ಬರಲಿಲ್ಲ. ಗೋಧಿಯ ತಟ್ಟೆ ಅಲ್ಲೇ ಬಿಟ್ಟು ಹೋದಳು.

ಫೆಬ್ರವರಿ ೨೫

ಬಂದಳು. ಅಡಿಯಿಂದ ಮುಡಿಯವರೆಗೆ ಕಪ್ಪು. ಹಾಡುಹಗಲಲ್ಲಿ, ಸೈನಿಕರ ಠಾಣೆಯ ಮುಂದೆಯೇ ನಡೆದು.

"ಬಳಸುದಾರಿ ಇರ್ಲಿಲ್ವೇ, ತಾಯಿ!" ಮಠಾಧಿಪತಿಗಳು ತಲೆ ಹಿಡಿದುಕೊಂಡರು.

"ಅವನೊಬ್ಬನೇ ಮಗ, ಗುರುಗಳೇ. ಕದ್ದು ಅಳಲಾ?"

ಬಾದಾಮಿ ಮರದ ಹತ್ತಿರ ಕರೆದೊಯ್ದೆ. ಮಣ್ಣು ಮುಟ್ಟಿದಳು. ಅಳಲಿಲ್ಲ. ಕೇಳಿದ್ದು ಒಂದೇ.

"ಕೊನೇಲಿ ಏನಂದ?"

"ಏನೂ ಅನ್ನಲಿಲ್ಲಮ್ಮ. ನಾವು ನೋಡೋ ಹೊತ್ತಿಗೆ ಮುಗಿದಿತ್ತು."

ಫೆಬ್ರವರಿ ೨೬. ಬೆಳಿಗ್ಗೆ ಹತ್ತು

ಎಲೆಂಗುವನ್ನು ನಸುಕಿನಲ್ಲೇ ಹಿಡಿದೊಯ್ದರಂತೆ. ತಿರುವಿನಲ್ಲಿ ಲಾರಿಗಳ ಸದ್ದು. ಮೂರಿರಬೇಕು. ಬಂದೂಕು ಸಾಗಿಸಲು ಸಮಯವಿಲ್ಲ. ಮಠಾಧಿಪತಿಗಳು ಕೂಗುತ್ತಿದ್ದಾರೆ.

ಸಾರ್ಜೆಂಟರೇ, ದುಭಾಷಿಗಳೇ — ಇಲ್ಲ. ನಿಮಗಲ್ಲ. ಎಲೆಂಗೂ, ನಿನಗೆ. ನಾಲಿಗೆ ಹೊರಳಲಿಲ್ಲ, ನಾನೇ ಹೊರಳಿಸಿದೆ. ಅವನು ಮಾತಾಡಿದ್ದ. ಬಾಗಿಲ ಆಚೆಯಿಂದ. "ಫಾದರ್, ನಾನು, ಎಲೆಂಗು ಮಗ" ಅಂದ. ಮೂರು ಸಲ. ಅವತ್ತೂ ಲಾರಿಯ ಸದ್ದಿತ್ತು. ಅಗುಳಿ ನನ್ನ ಕೈಯಲ್ಲೇ ಇತ್ತು. ನಾನು